ಯಾರಿಗೆ ವೋಟ್ ಹಾಕಿದ್ರೂ ಇಪ್ಪತ್ತಮೂರಕ್ಕೆ ಬನ್ನಿ

ಬಂಧುಗಳೇ, ನಮಸ್ಕಾರ.

ಇದು ಅಮೆರಿಕದ ನಾರ್ತ್ ಕೆರೊಲಿನಾದ ನಮ್ಮ ಕನ್ನಡ ಕೂಟದ 2024ರ ರಾಜ್ಯೋತ್ಸವದ ಸಂಚಿಕೆ. ನಾಳೆ ಬೆಳಗ್ಗೆ ಪಿಡಿಎಫ್ ಮಾಡೋರಿಗೆ ಕಳಿಸ್ಬೇಕು, ಈಗ ಭಾನುವಾರ ರಾತ್ರಿ ಹನ್ನೊಂದು ದಾಟಿದೆ. ಸಂಪಾದಕೀಯಕ್ಕೆ ಅಂತ ಬೇರೆ ಬರೆದಿಟ್ಟಿದ್ದೆ. 1956ರಲ್ಲಿ ರಾಜ್ಯ ಒಂದಾಗಿದ್ದು, 1973ರ ನವೆಂಬರ್ ಒಂದಕ್ಕೆ ದೇವರಾಜ ಅರಸರ ಕಾಲದಲ್ಲಿ ಮೈಸೂರು ಹೋಗಿ ಕರ್ನಾಟಕ ಅಂತ ಹೆಸರಾಗಿದ್ದು, ಇದೆಲ್ಲ. ಅದನ್ನ ಪಕ್ಕಕ್ಕಿಟ್ಟು ಇದನ್ನ ಬರೀತಿದೀನಿ, ಯಾಕಂದ್ರೆ ಬೆಳಗ್ಗೆ ಕನ್ನಡ ತರಗತಿಯಲ್ಲಿ ನಾಟಕದ ಪ್ರಾಕ್ಟೀಸ್ ನಡೀತಿತ್ತು. ಏಕೀಕರಣದ ನಾಟಕ, ಒಬ್ಬ ಮಗು ಮೈಸೂರು, ಒಬ್ಬ ಕೊಡಗು, ಒಬ್ಬ ಮುಂಬೈ ಕರ್ನಾಟಕ, ಒಬ್ಬ ಹೈದರಾಬಾದ್ ಕರ್ನಾಟಕ, ಒಬ್ಬ ಮದ್ರಾಸ್ ಕಡೆಯ ಮಂಗಳೂರು, ಕೊನೆಗೆ ಎಲ್ಲರೂ ಕೈ ಹಿಡ್ಕೊಂಡು ನಿಲ್ಲೋದು. ಕೊಡಗಾಗಿರೋ ಎಂಟು ವರ್ಷದ ಹುಡುಗಿ ಕೈ ಹಿಂದಕ್ಕೆ ಎಳ್ಕೊಂಡ್ಲು. "ಆಂಟಿ, ನಾನು ಅವನ ಕೈ ಹಿಡ್ಕೊಳ್ಲೇಬೇಕಾ? ಅವರ ಡ್ಯಾಡಿ ವಿನ್ ಆದ್ರಂತೆ. ನಮ್ಮಮ್ಮ ಅಳ್ತಿದ್ರು."

ಆ ಹುಡುಗ ಏನೂ ಅರ್ಥ ಆಗದೆ ನಿಂತಿದ್ದ. ಅವನ ಡ್ಯಾಡಿ ಯಾವ ಚುನಾವಣೆಗೂ ನಿಂತಿರಲಿಲ್ಲ, ಪಾಪ, ವೋಟ್ ಹಾಕಿ ಬಂದಿದ್ರು ಅಷ್ಟೇ.

ಮಂಗಳವಾರ ಇಲ್ಲಿನ ಅಧ್ಯಕ್ಷರ ಚುನಾವಣೆ ನಡೆದ ರಾತ್ರಿಯಿಂದ ನಮ್ಮ ಕೂಟದ ವಾಟ್ಸಾಪ್ ಗ್ರೂಪಿನಲ್ಲಿ ಏನಾಯ್ತು ಅಂತ ನಿಮಗೇ ಗೊತ್ತು. ನಾರ್ತ್ ಕೆರೊಲಿನಾ ಟ್ರಂಪ್‌ಗೆ ಅಂತ ನಡುರಾತ್ರಿಗೆ ಮುಂಚೆನೇ ಗೊತ್ತಾಯ್ತು, ಬುಧವಾರ ಬೆಳಕು ಹರಿಯೋ ಹೊತ್ತಿಗೆ ದೇಶನೂ ಗೊತ್ತಾಯ್ತು. ಪಟಾಕಿ ಹೊಡೆಯೋ ವಿಡಿಯೋ ಬಂತು, ಲಾಡು ಫೋಟೋ ಬಂತು, ಅದರ ಕೆಳಗೆ ಒಬ್ಬರು "ನಾಚಿಕೆ ಆಗ್ಬೇಕು" ಅಂದ್ರು, ಇನ್ನೊಬ್ಬರು "ಅಳೋರು ಅಳ್ಲಿ" ಅಂದ್ರು, ಆಮೇಲೆ ಒಬ್ಬೊಬ್ಬರೇ ಗ್ರೂಪ್ ಬಿಟ್ಟು ಹೋದ್ರು. ಹದಿನೈದು ವರ್ಷ ಒಟ್ಟಿಗೆ ಗಣೇಶನ್ನ ಕೂರಿಸಿದವರು. ಅಡುಗೆ ಕಮಿಟಿಯಲ್ಲಿದ್ದ ಒಬ್ಬರು ನನಗೆ ಬೇರೆಯಾಗಿ ಮೆಸೇಜ್ ಮಾಡಿದ್ರು, ಈ ಸಲ ಬರಲ್ಲ, ಅವರ ಪಕ್ಕ ನಿಂತು ಬಡಿಸೋಕೆ ಆಗಲ್ಲ ಅಂತ. ದೊಡ್ಡ ಮಾತು ಅದು. ಆದ್ರೆ ಸುಳ್ಳಲ್ಲ, ಆ ಹೊತ್ತಿಗೆ ಅವರಿಗೆ ನಿಜವಾಗ್ಲೂ ಆಗ್ತಿರಲಿಲ್ಲ.

ಈಗ ಕಮಿಟಿಯಲ್ಲಿ ಒಂದು ಸಲಹೆ ಇದೆ, ಗ್ರೂಪಿನಲ್ಲಿ ರಾಜಕೀಯ ಪೂರ್ತಿ ಬ್ಯಾನ್ ಮಾಡೋಣ ಅಂತ. ಒಪ್ತೀನಿ, ಲಾಡು ಫೋಟೋಗಳು ನಿಲ್ಲುತ್ತೆ. ಆದ್ರೆ ಅಷ್ಟೇ ಸಾಕು ಅಂತ ನನಗೆ ಅನ್ಸಲ್ಲ, ಯಾಕೆ ಅನ್ನೋದಕ್ಕೆ ನಮ್ಮನೆ ಕಥೆ ಹೇಳ್ಬೇಕು. ಸ್ವಲ್ಪ ಉದ್ದ ಆಗುತ್ತೆ.

ನಮ್ಮೂರು ಕೊಪ್ಪದ ಹತ್ತಿರ. 1978ರ ನವೆಂಬರ್, ನಾನು ನಾಲ್ಕನೇ ಕ್ಲಾಸು. ಹಿಂದಿನ ವರ್ಷ ರಾಯಬರೇಲಿಯಲ್ಲಿ ಸೋತಿದ್ದ ಇಂದಿರಾ ಗಾಂಧಿ ನಮ್ಮ ಚಿಕ್ಕಮಗಳೂರಿಗೆ ಬಂದು ನಿಂತ್ರು, ಅಲ್ಲಿನ ಸಂಸದ ಚಂದ್ರೇಗೌಡರು ಅವರಿಗೋಸ್ಕರ ಲೋಕಸಭೆ ಸೀಟು ಬಿಟ್ಟುಕೊಟ್ಟಿದ್ರು, ಎದುರಿಗೆ ಜನತಾ ಪಕ್ಷದಿಂದ ವೀರೇಂದ್ರ ಪಾಟೀಲರು. ದೇಶದ ಪತ್ರಿಕೆಯೋರೆಲ್ಲ ನಮ್ಮ ಘಾಟಿ ರಸ್ತೆಗಳಲ್ಲಿ. ಜನತಾ ಪಕ್ಷದ ಪ್ರಚಾರಕ್ಕೆ ಜಾರ್ಜ್ ಫರ್ನಾಂಡಿಸ್ ಬಂದ್ರು. ಒಂದು ಹೆಣ್ಣು ಸಿಂಹ, ನೂರು ಲಂಗೂರ್ ಕೋತಿ ಅಂತ ಇಂದಿರಾ ಕಡೆಯೋರು ಹಿಂದಿಯಲ್ಲಿ ಘೋಷಣೆ, ನಾವು ಮಕ್ಕಳು ಅರ್ಥ ಗೊತ್ತಿಲ್ಲದೆ ಶಾಲೆಯಿಂದ ಮನೆವರೆಗೂ ಕೂಗಿಕೊಂಡು ಬರ್ತಿದ್ವಿ, ಅಪ್ಪಯ್ಯನ ಮುಖ ಕಂಡ ತಕ್ಷಣ ಬಾಯಿ ಮುಚ್ತಿದ್ವಿ.

ಮನೆಯಲ್ಲಿ ಅಪ್ಪಯ್ಯ, ದೊಡ್ಡಪ್ಪ, ಇಬ್ಬರೂ ಒಂದೇ ಒಲೆ. ದೊಡ್ಡಪ್ಪ ಇಂದಿರಾ ಗಾಂಧಿ ಕಡೆ. ನಮ್ಮ ಗೇಣಿ ಗದ್ದೆ ಸ್ವಂತದ್ದಾಗಿದ್ದೇ ಅವರ ಪಕ್ಷದ ಮುಖ್ಯಮಂತ್ರಿ ಅರಸರು 1974ರಲ್ಲಿ ತಂದ ಕಾನೂನಿನಿಂದ, ಅನ್ನ ಕೊಟ್ಟೋರನ್ನ ಮರೆಯೋದಾ ಅನ್ನೋರು. ಅಪ್ಪಯ್ಯನ ಗೆಳೆಯರೊಬ್ಬರು ಮೇಷ್ಟ್ರು, ಎಮರ್ಜೆನ್ಸಿಯಲ್ಲಿ ಜೈಲಲ್ಲಿ ಇದ್ದು ಬಂದೋರು, ಬಂದಮೇಲೆ ಮೊದಲಿನ ಹಾಗೆ ಆಗ್ಲೇ ಇಲ್ಲ. ಅಪ್ಪಯ್ಯ ಅದನ್ನ ಮರೆಯೋ ಹಾಗಿರಲಿಲ್ಲ. ಈಗ ಯೋಚನೆ ಮಾಡಿದ್ರೆ ಇಬ್ಬರದ್ದೂ ಪುಸ್ತಕ ಓದಿ ಬಂದ ಅಭಿಪ್ರಾಯ ಅಲ್ಲ. ಒಬ್ಬರು ಗದ್ದೆ ನೋಡಿ ಮಾತಾಡ್ತಿದ್ರು, ಇನ್ನೊಬ್ಬರು ಆ ಮೇಷ್ಟ್ರನ್ನ ನೋಡಿ.

ಎಪ್ಪತ್ತೇಳು ಸಾವಿರಕ್ಕೂ ಹೆಚ್ಚು ವೋಟಲ್ಲಿ ಇಂದಿರಾ ಗಾಂಧಿ ಗೆದ್ರು. ರೇಡಿಯೋದಲ್ಲಿ ಪ್ರದೇಶ ಸಮಾಚಾರ ಮುಗಿಯೋದಕ್ಕೆ ಮುಂಚೆ ದೊಡ್ಡಪ್ಪ ದೀಪಾವಳಿಗೆ ತಂದು ಉಳಿಸಿಟ್ಟಿದ್ದ ಪಟಾಕಿ ಸರ ತಂದು ಅಂಗಳದ ಮಧ್ಯ ಹಚ್ಚಿದ್ರು. ಅದೇ ಅಂಗಳಕ್ಕೆ ಎದುರಾಗಿ ಜಗಲಿಯಲ್ಲಿ ಅಪ್ಪಯ್ಯ ಕೂತಿದ್ರು. ಎದ್ದು ಒಳಗೆ ಹೋದ್ರು. ಆ ರಾತ್ರಿ ಊಟ ಮಾಡ್ಲಿಲ್ಲ. ಅಜ್ಜಿ ದೊಡ್ಡಪ್ಪನಿಗೆ, "ಹೊರಗೆ ರಸ್ತೆಗೆ ಹೋಗಿ ಹೊಡೀಬಾರದಿತ್ತೇನೋ, ಅವ ಇಲ್ಲೇ ಕೂತಿದ್ದನಲ್ಲೋ" ಅಂದ್ರು. ನನಗೆ ಇವತ್ತಿಗೂ ಅದಕ್ಕಿಂತ ಸರಿಯಾದ ಮಾತು ಸಿಕ್ಕಿಲ್ಲ. ಪಟಾಕಿ ಹೊಡೀಬೇಡ ಅಂತ ಅಜ್ಜಿ ಅನ್ಲಿಲ್ಲ.

ಅಡಿಕೆ ಸುಗ್ಗಿ ಶುರುವಾಗೋ ಹೊತ್ತು ಅದು. ನಿಮ್ಮಲ್ಲಿ ಮಲೆನಾಡಿನೋರಿಗೆ ಹೇಳ್ಬೇಕಿಲ್ಲ, ಮರ ಹತ್ತೋ ಕೊನೆಗೌಡ ಇಳಿಸಿದ ಅಡಿಕೆ ಗೊನೆ ಅಂಗಳದಲ್ಲಿ ರಾಶಿ ಬಿದ್ದಿರುತ್ತೆ, ರಾತ್ರಿ ಊಟ ಆದಮೇಲೆ ಮೆಟ್ಟುಗತ್ತಿ ಹಾಕ್ಕೊಂಡು ಸಾಲಾಗಿ ಕೂತು ಸುಲಿಯೋದು, ಮಧ್ಯದಲ್ಲಿ ಗ್ಯಾಸ್‌ಲೈಟು, ಯಾರದ್ದೋ ಕಥೆ, ಯಾರದ್ದೋ ಹಾಡು, ಮಕ್ಕಳು ಅಲ್ಲೇ ಗೋಣಿ ಮೇಲೆ ನಿದ್ದೆ. ಆ ವರ್ಷ ಮೊದಲ ಸಲ ನಮ್ಮನೇಲಿ ಎರಡು ಗ್ಯಾಸ್‌ಲೈಟ್ ಹಚ್ಚಿದ್ರು. ಅಪ್ಪಯ್ಯನ ಕಡೆಯೋರು ಅಂಗಳದ ಈ ತುದಿ, ದೊಡ್ಡಪ್ಪನ ಕಡೆಯೋರು ಆ ತುದಿ. ಬೇಯಿಸೋ ತಾಮ್ರದ ಹಂಡೆ ಮಾತ್ರ ಒಂದೇ, ಅದಕ್ಕೆ ನನ್ನನ್ನ ಕಳಿಸೋರು. "ನಿನ್ನ ದೊಡ್ಡಪ್ಪಂಗೆ ಹೇಳು, ಹಂಡೆ ನಾಳೆ ಬೇಕು ಅಂತ." ಹತ್ತು ಮಾರು ದೂರದಲ್ಲಿ ಕೂತಿರೋ ಅಣ್ಣನಿಗೆ.

ಡಿಸೆಂಬರ್‌ನಲ್ಲಿ ಲೋಕಸಭೆಯಿಂದ ಇಂದಿರಾ ಗಾಂಧಿಯವರನ್ನ ಉಚ್ಚಾಟನೆ ಮಾಡಿದ್ರು, ಜೈಲಿಗೂ ಕಳಿಸಿದ್ರು. ಈಗ ಅಪ್ಪಯ್ಯನ ಸರದಿ. ಪೇಪರನ್ನ ಜಗಲಿ ಮೇಲೆ ನಿಂತು ಗಟ್ಟಿಯಾಗಿ ಓದಿದ್ರು, ಯಾವತ್ತೂ ಗಟ್ಟಿಯಾಗಿ ಓದ್ತಿರಲಿಲ್ಲ. ದೊಡ್ಡಪ್ಪ ಎದ್ದು ತೋಟಕ್ಕೆ ಹೋದ್ರು. ಮುಂದಿನ ಗೌರಿ ಹಬ್ಬಕ್ಕೆ ಒಲೆ ಎರಡಾಯ್ತು, ಆಮೇಲೆ ಜಗಲಿ ಮಧ್ಯ ಗೋಡೆ ಎದ್ದಿತು.

ಆ ಕಡೆ ರಾಜಕೀಯದಲ್ಲಿ ಏನಾಯ್ತು ಕೇಳಿ. 1979ರಲ್ಲಿ ಅರಸರು ಇಂದಿರಾ ಗಾಂಧಿಯವರಿಂದ ದೂರ ಆದ್ರು. ವೀರೇಂದ್ರ ಪಾಟೀಲರು, ಯಾರಿಗೋಸ್ಕರ ಅಪ್ಪಯ್ಯ ಆ ರಾತ್ರಿ ಊಟ ಬಿಟ್ಟಿದ್ರೋ ಅವರು, 1980ಕ್ಕೆ ಇಂದಿರಾ ಗಾಂಧಿಯವರ ಪಕ್ಷದಿಂದಲೇ ಗೆದ್ದು ಅವರ ಸಂಪುಟದಲ್ಲೇ ಮಂತ್ರಿ ಆದ್ರು, 1989ರಲ್ಲಿ ಅದೇ ಕಾಂಗ್ರೆಸ್ಸಿನಿಂದ ಮುಖ್ಯಮಂತ್ರಿನೂ ಆದ್ರು. ಅವರನ್ನ ತಪ್ಪು ಅಂತ ಹೇಳ್ತಿಲ್ಲ, ರಾಜಕೀಯ ಇರೋದೇ ಹಾಗೆ, ದೂರ ಆದೋರು ಹತ್ತಿರ ಬರ್ತಾರೆ. ನಮ್ಮಪ್ಪಯ್ಯ, ದೊಡ್ಡಪ್ಪ ಬರಲಿಲ್ಲ. ಇಬ್ಬರೂ ಈಗ ಇಲ್ಲ. ಎರಡು ಮನೆಯ ಮೊಮ್ಮಕ್ಕಳಿಗೆ ಆ ಗೋಡೆ ಯಾಕಿದೆ ಅಂತಾನೂ ಗೊತ್ತಿಲ್ಲ, ಆಸ್ತಿ ಜಗಳ ಅಂದ್ಕೊಂಡಿದಾರೆ.

ಅದಕ್ಕೇ ನನಗೆ ಬ್ಯಾನ್ ಸಾಕು ಅನ್ಸಲ್ಲ. ನಮ್ಮನೇಲೂ ಆಮೇಲೆ ಯಾರೂ ರಾಜಕೀಯ ಮಾತಾಡ್ತಿರಲಿಲ್ಲ. ಮಾತೇ ಇರಲಿಲ್ಲ.

ಇಲ್ಲಿನ ಈ ಫಲಿತಾಂಶ ನಮ್ಮಲ್ಲಿ ಎಲ್ಲರಿಗೂ ಒಂದೇ ಥರ ತಟ್ಟಿಲ್ಲ, ಅದನ್ನ ಒಬ್ಬರಿಗೊಬ್ಬರು ಎದುರು ಕೂತು ಹೇಳ್ಬೇಕು. ನಮ್ಮ ಕೂಟದಲ್ಲಿ ಎಚ್-4 ಇಎಡಿ, ಅಂದ್ರೆ ಎಚ್-1ಬಿ ವೀಸಾದಲ್ಲಿರೋರ ಸಂಗಾತಿಗೆ ಸಿಗೋ ಕೆಲಸದ ಅನುಮತಿ, ಅದರ ಮೇಲೆ ಕೆಲಸ ಮಾಡೋ ಹೆಣ್ಣುಮಕ್ಕಳಿದ್ದಾರೆ. 2015ರಲ್ಲಿ ಬಂದ ಸೌಲಭ್ಯ ಅದು, ಹೋದ ಸಲದ ಟ್ರಂಪ್ ಸರ್ಕಾರ ಅದನ್ನ ತೆಗೆಯೋ ಪ್ರಸ್ತಾಪ ಇಟ್ಕೊಂಡೇ ಇತ್ತು, 2021ರ ಜನವರಿಯಲ್ಲಿ ಬೈಡನ್ ಬಂದಮೇಲೆ ಅದು ನಿಂತಿತು. ಅವರಿಗೆ ವೋಟೂ ಇಲ್ಲ. ವೋಟಿಲ್ಲದೇ ಇರೋರು ರಾತ್ರಿಯಿಡೀ ಬೇರೆಯೋರ ವೋಟ್ ಎಣಿಸೋದನ್ನ ನೋಡ್ತಾ ಕೂರೋದು ಹೇಗಿರುತ್ತೆ ಅಂತ, ಸಿಟಿಜನ್ ಆಗಿರೋ ನಾವು ಬೇಗ ಮರೀತೀವಿ. ಚುನಾವಣೆಯ ಮಾರನೇ ದಿನ ಹಲವು ರಾಜ್ಯಗಳಲ್ಲಿ ಕಪ್ಪು ಜನಾಂಗದ ವಿದ್ಯಾರ್ಥಿಗಳ ಫೋನಿಗೆ ಗುಲಾಮಗಿರಿ ಕಾಲದ ಹಾಗೆ ಹತ್ತಿ ಬಿಡಿಸೋಕೆ ಬನ್ನಿ ಅಂತ ಕೆಟ್ಟ ಮೆಸೇಜ್‌ಗಳು ಹೋಗಿವೆ, ಎಫ್‌ಬಿಐ ನೋಡ್ತಿದೆ. ನಮ್ಮ ಮಕ್ಕಳು ಅವರ ಜೊತೆಗೇ ಓದೋದು. ಅಳೋರನ್ನ "ಡ್ರಾಮಾ" ಅಂದವರು ದಯವಿಟ್ಟು ಇದನ್ನ ಯೋಚನೆ ಮಾಡಿ.

ಹಾಗೇ ಟ್ರಂಪ್‌ಗೆ ವೋಟ್ ಹಾಕಿದ ನಮ್ಮವರ ಹತ್ರನೂ ಮಾತಾಡಿದೀನಿ. 2022ರ ಬೇಸಿಗೆಯಲ್ಲಿ ಹಣದುಬ್ಬರ ಶೇಕಡ 9 ದಾಟಿತ್ತು, ಸಣ್ಣ ಅಂಗಡಿ ನಡೆಸೋ ಒಬ್ಬರು ಆ ವರ್ಷದ ಲೆಕ್ಕ ನನಗೆ ಬಾಯಲ್ಲೇ ಹೇಳಿದ್ರು, ಸಾಲು ಸಾಲಾಗಿ. ಇನ್ನೊಬ್ಬರು ಒಂದೊಂದು ದೇಶದೋರಿಗೂ ಶೇಕಡ 7ರ ಮಿತಿ ಇಟ್ಟಿರೋ ಗ್ರೀನ್ ಕಾರ್ಡ್ ಸಾಲಲ್ಲಿ ಕಾದು ಕಾದು ಕೊನೆಗೂ ಸಿಟಿಜನ್ ಆದೋರು, ನಿಯಮದ ಪ್ರಕಾರ ಕಾದವರಿಗೆ ಯಾರೂ ಬೆಲೆ ಕೊಡ್ಲಿಲ್ಲ ಅನ್ನೋ ನೋವು ಅವರದ್ದು. ನಾನು ಅವರ ಥರ ವೋಟ್ ಹಾಕಿಲ್ಲ, ಮುಚ್ಚಿಡಲ್ಲ. ಆದ್ರೆ ಅವರು ಹೇಳಿದ್ದು ದ್ವೇಷ ಅಲ್ಲ, ಅವರನ್ನ ಕೆಟ್ಟವರು ಅಂದು ಗ್ರೂಪ್ ಬಿಟ್ಟವರು ಒಂದು ಸಲ ಅವರ ಅಂಗಡಿಗೆ ಹೋಗಿ ಕೂತು ಬರ್ಬೇಕು.

ಇನ್ನೊಂದು. ನಮ್ಮದೇ ರಾಜ್ಯದ ಬ್ಯಾಲೆಟ್ ನೋಡಿ. ಅಧ್ಯಕ್ಷ ಸ್ಥಾನಕ್ಕೆ ಟ್ರಂಪ್ ಸುಮಾರು ಮೂರು ಪಾಯಿಂಟಲ್ಲಿ ಗೆದ್ರು, ಅದೇ ಕಾಗದದಲ್ಲಿ ಗವರ್ನರ್ ಸ್ಥಾನಕ್ಕೆ ಡೆಮಾಕ್ರಟ್ ಜಾಶ್ ಸ್ಟೈನ್ ತುಂಬಾ ದೊಡ್ಡ ಅಂತರದಲ್ಲಿ ಗೆದ್ರು. ಅಂದ್ರೆ ಲಕ್ಷಗಟ್ಟಲೆ ಜನ ಒಂದೇ ಪೆನ್ನಲ್ಲಿ ಎರಡೂ ಕಡೆ ಗುರುತು ಹಾಕಿದಾರೆ. ಇವರು ಆ ಪಾರ್ಟಿ, ಅವರು ಈ ಪಾರ್ಟಿ ಅಂತ ನಾವು ಎಷ್ಟು ಬೇಗ ಜನರನ್ನ ವಿಂಗಡಿಸಿಬಿಡ್ತೀವಿ. ದೇಶದ ಮಟ್ಟದಲ್ಲೂ ಟ್ರಂಪ್‌ಗೆ 312, ಕಮಲಾ ಹ್ಯಾರಿಸ್‌ಗೆ 226 ಅನ್ನೋ ಎಲೆಕ್ಟೋರಲ್ ವೋಟಿನ ಲೆಕ್ಕ ದೊಡ್ಡದಾಗಿ ಕಾಣುತ್ತೆ, ಆದ್ರೆ ಎರಡೂ ಕಡೆ ಏಳು ಕೋಟಿಗೂ ಹೆಚ್ಚು ಜನ ಇದ್ದಾರೆ, ಕ್ಯಾಲಿಫೋರ್ನಿಯಾದಲ್ಲಿ ಇನ್ನೂ ಎಣಿಸ್ತಾನೇ ಇದಾರೆ. ಕಮಲಾ ಹ್ಯಾರಿಸ್ ಬುಧವಾರವೇ ವಾಷಿಂಗ್ಟನ್‌ನ ಹೊವಾರ್ಡ್ ಯೂನಿವರ್ಸಿಟಿಯಲ್ಲಿ ಸೋಲು ಒಪ್ಪಿಕೊಂಡು ಮಾತಾಡಿದ್ರು, ಬೈಡನ್ ಈ ಬುಧವಾರ ಟ್ರಂಪ್ ಅವರನ್ನ ವೈಟ್ ಹೌಸಿಗೆ ಕರೆದಿದ್ದಾರೆ. 2020ರಲ್ಲಿ ಹೀಗೆ ನಡೀಲಿಲ್ಲ, ಅದರ ಬೆಲೆ 2021ರ ಜನವರಿ ಆರಕ್ಕೆ ಸಂಸತ್ ಭವನದ ಮೇಲೆ ದಾಳಿ ಆದಾಗ ನೋಡಿದ್ವಿ. ಸೋತವರು ಒಪ್ಪಿಕೊಳ್ಳೋದು ಸಣ್ಣ ವಿಷಯ ಅಲ್ಲ. ಅದಕ್ಕೆ ಗೆದ್ದವರ ಕಡೆಯಿಂದ ಸ್ವಲ್ಪ ಮರ್ಯಾದೆ ಸಿಗ್ಬೇಕು, ಲಾಡು ಅಲ್ಲ.

ಹಾಗಾಗಿ ನನ್ನ ಬೇಡಿಕೆ ಒಂದೇ. ಗ್ರೂಪ್ ಬಿಟ್ಟವರಲ್ಲಿ ನಿಮಗೆ ಹತ್ತಿರದೋರು ಯಾರೋ ಅವರಿಗೆ ಈ ವಾರ ಒಂದು ಫೋನ್ ಮಾಡಿ. ಮೆಸೇಜ್ ಬೇಡ, ಫೋನು. ಮಕ್ಕಳನ್ನ ಇದಕ್ಕೆ ಎಳೀಬೇಡಿ, ಹಂಡೆ ಕೇಳೋಕೆ ಮಗುನ ಕಳಿಸಬೇಡಿ.

ಈಗ ಸೂಚನೆಗಳು, ಜಾಗ ಕಮ್ಮಿ ಇದೆ, ಬೇಗ ಹೇಳ್ತೀನಿ. ರಾಜ್ಯೋತ್ಸವ ನವೆಂಬರ್ 23, ಶನಿವಾರ, ಮಧ್ಯಾಹ್ನ ಮೂರಕ್ಕೆ, ಎಂದಿನ ಹಾಲ್‌ನಲ್ಲಿ. ಭುವನೇಶ್ವರಿ ಪೂಜೆ ಮೊದಲು, ಆಮೇಲೆ ಮಕ್ಕಳ ನಾಟಕ, ಹಾಡು, ಊಟ ಆರೂವರೆಗೆ. ನಾಟಕದ ಕೊನೆ ಪ್ರಾಕ್ಟೀಸ್ ಮುಂದಿನ ಭಾನುವಾರ, ಐದೂ ಮಕ್ಕಳು ಬರಲೇಬೇಕು, ಬಾವುಟದ ಹಳದಿ ಕೆಂಪು ಬಟ್ಟೆ ನಾನೇ ತರ್ತೀನಿ. ಹೆಲೀನ್ ಚಂಡಮಾರುತದಲ್ಲಿ ಮನೆ ಕಳ್ಕೊಂಡ ಆಶ್‌ವಿಲ್ ಕಡೆಯವರಿಗೆ ಚಳಿ ಬಟ್ಟೆ, ಕಂಬಳಿ ಸಂಗ್ರಹ ಅವತ್ತೇ, ಹಾಲ್‌ನ ಬಾಗಿಲ ಹತ್ರ ಡಬ್ಬ ಇಟ್ಟಿರ್ತೀವಿ, ಒಗೆದು ಮಡಚಿ ತನ್ನಿ. ಸದಸ್ಯತ್ವ ನವೀಕರಣ ಡಿಸೆಂಬರ್ ಕೊನೆ ಒಳಗೆ. ಜನವರಿಯ ಸಂಕ್ರಾಂತಿ ಸಂಚಿಕೆಗೆ ಲೇಖನ, ಮಕ್ಕಳ ಚಿತ್ರ ಕಳಿಸಿ, ಸಂಪಾದಕರ ಕೆಲಸಕ್ಕೂ ಯಾರಾದ್ರೂ ಕೈಜೋಡಿಸಿದ್ರೆ ನನಗೆ ಬಹಳ ಉಪಕಾರ ಆಗುತ್ತೆ, ಮನೆ, ಆಫೀಸು, ತರಗತಿ ಜೊತೆಗೆ ಒಬ್ಬಳಿಂದ ಇನ್ನು ಆಗ್ತಿಲ್ಲ, ಟೈಪ್ ಮಾಡೋಕೆ ಒಬ್ಬರು ಸಿಕ್ರೂ ಸಾಕು.

ಬಡಿಸೋಕೆ ಎಂಟು ಜನ ಬೇಕು, ಈಗ ಮೂರೇ ಜನ ಇದಾರೆ. ಸೌಂಡ್ ಸಿಸ್ಟಮ್ ನೋಡ್ಕೊಳ್ತಿದ್ದೋರೂ ಈ ಸಲ ಇಲ್ಲ, ಗೊತ್ತಿರೋರು ಮುಂದೆ ಬನ್ನಿ. ಹೆಸರು ಕೊಡೋಕೆ ಶುಕ್ರವಾರ ಕೊನೆ ದಿನ. ಯಾರ ಪಕ್ಕ ನಿಲ್ಲೋಕೆ ಕಷ್ಟ ಅನ್ನೋದಿದ್ರೆ ಅದನ್ನೂ ನನಗೆ ಹೇಳಿ, ಒಬ್ಬರನ್ನ ಅನ್ನದ ಹತ್ರ ಹಾಕ್ತೀನಿ, ಇನ್ನೊಬ್ಬರನ್ನ ಪಾಯಸದ ಹತ್ರ, ಆದ್ರೆ ಇಬ್ಬರೂ ಬನ್ನಿ.

ನಿಮ್ಮ ಸಂಪಾದಕಿ