ದೇಶದ ಭದ್ರತೆಗೆ ದಾನ ಕೊಡುವವರು ನಮ್ಮ ದೋಣಿಗಳನ್ನೂ ನೋಡಿ

ಸಂಪಾದಕರೇ,

ಗಡಿಯಲ್ಲಿ ಗಲಾಟೆ ಆದರೆ ಸಾಕು, ಅಂಗಡಿಯವರು, ಯುವಕ ಸಂಘದವರು, ಉದ್ಯಮಿಗಳು ಎಲ್ಲರೂ ಸೈನಿಕರಿಗೆ ಅಂತ ಹಣ ಕೂಡಿಸುತ್ತಾರೆ. ಒಳ್ಳೆಯದೇ. 1962ರಲ್ಲಿ ಶುರುವಾದ ರಾಷ್ಟ್ರೀಯ ರಕ್ಷಣಾ ನಿಧಿ ಇವತ್ತಿಗೂ ಬಜೆಟ್ಟಿನ ದುಡ್ಡಿಲ್ಲದೆ ಜನ ಕೊಟ್ಟದ್ದರಲ್ಲೇ ನಡೆಯುತ್ತದೆ, ಯೋಧರ ಮತ್ತು ಅವರ ಮನೆಯವರ ಕಷ್ಟಕ್ಕೆ ಹೋಗುತ್ತದೆ. ಡಿಸೆಂಬರ್ 7ರ ಧ್ವಜ ದಿನಕ್ಕೆ ನಾವೂ ಡಬ್ಬಿಗೆ ಹಾಕುತ್ತೇವೆ. ಪರಮವೀರ ಚಕ್ರ ಪಡೆದ ಮೇಜರ್ ರಾಮ ರಾಘೋಬ ರಾಣೆಯವರ ಊರು ಚೆಂಡಿಯಾ ನಮ್ಮ ಕಾರವಾರ ತಾಲೂಕಿನಲ್ಲೇ ಇದೆ, ಕೊಡದೆ ಇರಲಿಕ್ಕಾಗುತ್ತದಾ?

ಆದರೆ ಒಂದು ಮಾತು. ಹಡಗು, ಬಂದೂಕು ಕೊಳ್ಳುವುದು ಸರ್ಕಾರದ ಕೆಲಸ, ಅದಕ್ಕೆ ನಮ್ಮ ತೆರಿಗೆ ಇದೆ. ದಾನಿಗಳ ಹಣ ಬೇಕಾಗಿರುವುದು ನಮ್ಮ ಬೈತಕೋಲದಂಥ ಮೀನುಗಾರಿಕೆ ಬಂದರುಗಳಿಗೆ. 2008ರಲ್ಲಿ ಮುಂಬೈಗೆ ಬಂದ ಉಗ್ರರು ಮೀನುಗಾರರ ಬೋಟನ್ನೇ ಕಿತ್ತುಕೊಂಡು ಬಂದರು, ಅಲ್ವಾ? ಅಂದಿನಿಂದ ಮೀನುಗಾರರೇ ಕಡಲಿನ ಕಣ್ಣು ಕಿವಿ ಅಂತ ಸಭೆಗಳಲ್ಲಿ ಹೇಳುತ್ತಾರೆ. ಅನುಮಾನದ ದೋಣಿ ಕಂಡರೆ ಕರಾವಳಿ ಕಾವಲು ಪೊಲೀಸರ ಸಹಾಯವಾಣಿ 1093ಕ್ಕೆ ಫೋನ್ ಮಾಡಿ ಅಂತಾರೆ.

ಹೇಗೆ ಮಾಡುವುದು? ನನ್ನ ಅಣ್ಣ ನಾಡದೋಣಿಯಲ್ಲಿ ಹೋಗುತ್ತಾನೆ. ಅವನ ಮೊಬೈಲನ್ನು ಎರಡು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ, ಊಟದ ಡಬ್ಬಿಯೊಳಗೆ ಇಟ್ಟಿರುತ್ತಾನೆ. ದೇವಗಡದ ಲೈಟ್‌ಹೌಸ್ ದಾಟಿ ಇನ್ನಷ್ಟು ದೂರ ಹೋದರೆ ಸಿಗ್ನಲ್ಲೇ ಇಲ್ಲ. ಹೋದ ವರ್ಷ ಒಂದು ದಿನ ಬೆಳಗಿನ ಜಾವ ದೀಪ ಹಾಕದ ದೊಡ್ಡ ದೋಣಿಯೊಂದು ಪಕ್ಕದಲ್ಲೇ ಹೋಯಿತಂತೆ. ಹೇಳಬೇಕೆಂದರೆ ದಡದ ಹತ್ತಿರ ಬರಬೇಕು, ಎರಡು ತಾಸು ಬೇಕಾಯಿತು, ಅಷ್ಟರಲ್ಲಿ ಅದು ಎಲ್ಲಿಗೆ ಹೋಯಿತೋ.

2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟು 7 ಜನರ ಜೊತೆ ಕಾಣೆಯಾಯಿತು. ನಮ್ಮ ಜಿಲ್ಲೆಯವರೂ ಅದರಲ್ಲಿದ್ದರು. ಅವಶೇಷ ಸಿಕ್ಕಿದ್ದು ಮರುವರ್ಷ ಮೇ ತಿಂಗಳಲ್ಲಿ. ಆ ಮನೆಯವರು ಅಷ್ಟು ತಿಂಗಳು ಹೇಗೆ ಕಾದಿರಬೇಕು ಅಂತ ನೆನೆಸಿಕೊಂಡರೆ ಈಗಲೂ ಹೊಟ್ಟೆ ಕಿವುಚಿದಂತಾಗುತ್ತದೆ.

ಅದಕ್ಕೇ ದಾನಿಗಳಲ್ಲಿ, ಸಿಎಸ್‌ಆರ್ ಹಣ (ಸಮಾಜದ ಕೆಲಸಕ್ಕೆ ಅಂತ ತೆಗೆದಿಡುವ ಹಣ) ಇರುವ ಕಂಪನಿಗಳಲ್ಲಿ ಕೇಳುತ್ತಿದ್ದೇನೆ. ಸಣ್ಣ ದೋಣಿಗಳಿಗೆ ಮೊಬೈಲ್ ಸಿಗ್ನಲ್ ಇಲ್ಲದಲ್ಲೂ ಮಾತಾಡಬಹುದಾದ ವಿಎಚ್‌ಎಫ್ ರೇಡಿಯೊ, ಲೈಫ್ ಜಾಕೆಟ್ ಕೊಡಿಸಿ. ಕರಾವಳಿ ಕಾವಲು ಪೊಲೀಸರನ್ನು, ಮೀನುಗಾರರ ಸಂಘದವರನ್ನು ಒಟ್ಟಿಗೆ ಕೂರಿಸಿ ಯಾರಿಗೆ ಬೇಕು ಅಂತ ಪಟ್ಟಿ ಮಾಡಿ. ಸುಮ್ನೆ ಕೊಟ್ಟು ಫೋಟೊ ತೆಗೆಸಿಕೊಂಡು ಹೋಗಬೇಡಿ, ಉಪ್ಪು ಗಾಳಿಗೆ ಇಂಥ ಸಾಮಾನು ಬೇಗ ಹಾಳಾಗುತ್ತದೆ, ರಿಪೇರಿಗೆ ಬಂದರಿನ ಒಂದಿಬ್ಬರು ಹುಡುಗರಿಗೆ ಕಲಿಸಿ, ಅವರಿಗೆ ಸಂಬಳವನ್ನೂ ಕೊಡಿ. ಆಗಸ್ಟ್ 1ಕ್ಕೆ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳೆಲ್ಲ ಇಳಿಯುತ್ತವೆ, ಕೊಡುವುದಾದರೆ ಅದಕ್ಕೆ ಮೊದಲೇ ಕೊಡಿ.

– ಮೀನುಗಾರರ ಮನೆಯವ, ಬೈತಕೋಲ, ಕಾರವಾರ