ನಾಲ್ಕು ವರ್ಷ ಕೆಡದ ಸಿಟ್ಟು

ಮಾನ್ಯ ಸಂಪಾದಕರೇ,

ಮಂಗಳವಾರದ ಸಂಚಿಕೆಯಲ್ಲಿ ಬ್ರಿಟನ್ ಸಂಸತ್ತಿಗೆ ಗೆದ್ದ ಪಕ್ಷೇತರರ ಬಗ್ಗೆ ಬಂದ ವರದಿಯನ್ನು ಬ್ಯೂಡ್ಲಿಯ ಬಸ್ ನಿಲ್ದಾಣದಲ್ಲಿ ನಿಂತುಕೊಂಡೇ ಎರಡು ಸಲ ಓದಿದೆ. ಸಮಯಕ್ಕೇನೂ ಕೊರತೆ ಇರಲಿಲ್ಲ. 8.40ರ ಬಸ್ ಬರಲೇ ಇಲ್ಲ. ಮುಂದಿನದನ್ನು ಹತ್ತಿ, ಕಿಡರ್‌ಮಿನ್‌ಸ್ಟರ್‌ನಲ್ಲಿ ಇಳಿದು, ಇನ್ನೊಂದಕ್ಕೆ ಕಾದು ವುಸ್ಟರ್ ಆಸ್ಪತ್ರೆ ಮುಟ್ಟುವ ಹೊತ್ತಿಗೆ ನನ್ನ ಹೆಂಡತಿಯ ಮಂಡಿ ತಪಾಸಣೆಯ ಸಮಯ ಮೀರಿ ಮುಕ್ಕಾಲು ಗಂಟೆಯಾಗಿತ್ತು. ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ಮಳೆಗೆ ನೆಂದ ಕಾಗದಪತ್ರ. ಬಸ್ ಕಂಪನಿಯವರನ್ನು ಕೇಳಿದರೆ ಹೊಸ ವೇಳಾಪಟ್ಟಿ ಕೊಟ್ಟು ಕಳುಹಿಸಿದರು. ಅದರಲ್ಲಿ 8.40ರ ಬಸ್ ಇನ್ನೂ ಓಡುತ್ತಲೇ ಇದೆ.

ಈ ಸ್ಥಿತಿಯಲ್ಲಿ ಓದುತ್ತೇನೆ: ನಮ್ಮ ಆಸ್ಪತ್ರೆಯ ತುರ್ತು ವಿಭಾಗ ಮುಚ್ಚಿದ್ದನ್ನು ವಿರೋಧಿಸಿ ಸಂಸತ್ತಿಗೆ ಹೋದ ಡಾ. ರಿಚರ್ಡ್ ಟೇಲರ್ ‘ಕ್ಷಣಿಕ ಸಿಟ್ಟಿನ ಅಲೆಯಲ್ಲಿ’ ಗೆದ್ದವರಂತೆ! ಒಂದೇ ಸಾಲು. ಅದೂ ಬಿಳಿ ಸೂಟಿನ ಪತ್ರಕರ್ತ ಮಾರ್ಟಿನ್ ಬೆಲ್ ಜೊತೆ ಒಂದೇ ಗಂಟಿಗೆ ಕಟ್ಟಿ. 1997ರಲ್ಲಿ ಟ್ಯಾಟನ್‌ನಲ್ಲಿ ಬೆಲ್ ಚುನಾವಣೆಗೆ ನಿಂತಾಗ ಲೇಬರ್ ಮತ್ತು ಲಿಬರಲ್ ಡೆಮಾಕ್ರಟ್ ಎರಡೂ ಪಕ್ಷಗಳು ಪಕ್ಕಕ್ಕೆ ಸರಿದು ದಾರಿ ಬಿಟ್ಟಿದ್ದವು. ನಮ್ಮ ಡಾಕ್ಟರು 2001ರಲ್ಲಿ ಎದುರಿಸಿದ್ದು ಆಳುವ ಲೇಬರ್ ಪಕ್ಷದ ಹಾಲಿ ಸಂಸದ, ಕಿರಿಯ ಸಚಿವ ಡೇವಿಡ್ ಲಾಕ್ ಅವರನ್ನು. ಇಲ್ಲಿಯೂ ಲಿಬರಲ್ ಡೆಮಾಕ್ರಟರು ನಿಲ್ಲಲಿಲ್ಲ, ಒಪ್ಪಿದೆ. ಅಷ್ಟಕ್ಕೇ 17,630 ಮತಗಳ ಅಂತರ ಬಂದುಬಿಡುತ್ತದೆಯೇ? ಕ್ಷಣಿಕ ಸಿಟ್ಟಾಗಿದ್ದರೆ 2005ರಲ್ಲಿ ಮತ್ತೆ 5,250 ಮತಗಳಿಂದ ಗೆದ್ದದ್ದು ಹೇಗೆ? ನಾಲ್ಕು ವರ್ಷ ಸಿಟ್ಟನ್ನು ಕೆಡದಂತೆ ಇಡುವ ಫ್ರಿಜ್ ನಮ್ಮ ಕ್ಷೇತ್ರವಾದ ವೈರ್ ಫಾರೆಸ್ಟ್‌ನಲ್ಲಿ ಯಾರ ಮನೆಯಲ್ಲೂ ಇಲ್ಲ.

2000ದ ಸೆಪ್ಟೆಂಬರಿನಲ್ಲಿ ಕಿಡರ್‌ಮಿನ್‌ಸ್ಟರ್ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ಬಾಗಿಲು ಹಾಕಿದರು. ವುಸ್ಟರ್‌ನಲ್ಲಿ ಖಾಸಗಿ ಬಂಡವಾಳದಿಂದ ಹೊಸ ಆಸ್ಪತ್ರೆ ಏಳುತ್ತಿತ್ತು. ಅದು ತೆರೆದದ್ದು 2002ರಲ್ಲಿ. ನಕ್ಷೆಯ ಮೇಲೆ 15 ಮೈಲಿ ಎಂದರೆ ಎರಡು ಬೆರಳಿನ ಅಳತೆ. ಅಳತೆಪಟ್ಟಿ ಹಿಡಿದ ಅಧಿಕಾರಿಗಳು ಯಾರೂ ಬ್ಯೂಡ್ಲಿಯಿಂದ ಬಸ್ ಹತ್ತಿದವರಲ್ಲ. ಅದೇ ಆಸ್ಪತ್ರೆಯಲ್ಲಿ ಕೀಲುನೋವಿನ ತಜ್ಞರಾಗಿ ದುಡಿದು ನಿವೃತ್ತರಾಗಿದ್ದ ಟೇಲರ್, 66ರ ವಯಸ್ಸಿನಲ್ಲಿ ಚುನಾವಣೆಗೆ ನಿಂತರು. ಮತಪತ್ರದಲ್ಲಿ ಹೆಲ್ತ್ ಕನ್ಸರ್ನ್ ಎಂದು ಸಂಘಟನೆಯ ಹೆಸರಿತ್ತು, ಆದ್ದರಿಂದ ಅವರು ಅಪ್ಪಟ ಪಕ್ಷೇತರರಲ್ಲ ಎಂದು ತಕರಾರು ತೆಗೆಯುವವರಿದ್ದಾರೆ. ನನ್ನ ಭಾವಮೈದುನನೂ ಅವರಲ್ಲೊಬ್ಬ. ತೆಗೆಯಲಿ.

ಸಂಸತ್ತಿನಲ್ಲಿ ಒಂಬತ್ತು ವರ್ಷವೂ ಆರೋಗ್ಯ ಸಮಿತಿಯಲ್ಲಿ ಕುಳಿತು ಕೆಲಸ ಮಾಡಿದರು. ತುರ್ತು ವಿಭಾಗ ಮರಳಿ ಬರಲಿಲ್ಲ, ನಿಜ. 2010ರಲ್ಲಿ ಕನ್ಸರ್ವೇಟಿವ್ ಪಕ್ಷದ ಮಾರ್ಕ್ ಗಾರ್ನಿಯರ್ ಎದುರು ಸೋತರು, ಅದೂ ನಿಜ. ಸೋತ ಮೇಲೂ ಮನೆಯಲ್ಲಿ ಕೂರದೆ, 2012ರಲ್ಲಿ ನ್ಯಾಷನಲ್ ಹೆಲ್ತ್ ಆಕ್ಷನ್ ಪಾರ್ಟಿ ಕಟ್ಟಿದವರ ಜೊತೆ ನಿಂತರು. ಇದಕ್ಕೆಲ್ಲ ನಿಮ್ಮ ವರದಿಯಲ್ಲಿ ಜಾಗವಿಲ್ಲ. ಬೆಲ್ ಅವರ ಸೂಟಿನ ಬಣ್ಣಕ್ಕೆ ಮಾತ್ರ ಎರಡು ಸಾಲು.

ನಮ್ಮ ಅಧಿಕಾರಿಗಳ ಚುರುಕುತನ ಹೇಳಲು ಹೊರಟರೆ ಆಸ್ಪತ್ರೆಗೆ ನಿಲ್ಲುವುದಿಲ್ಲ. ಅದೇ 2000ದಲ್ಲಿ ಸೆವರ್ನ್ ನದಿ ಬ್ಯೂಡ್ಲಿಗೆ ನುಗ್ಗಿತಲ್ಲ? ಒಂದು ದಂಡೆಗೆ ತಡೆಗೋಡೆ ಬಂದು ಎಷ್ಟೋ ವರ್ಷಗಳಾದ ಮೇಲೆ ಎದುರಿನ ಬೀಲ್ಸ್ ಕಾರ್ನರ್ ಕಡೆ ಕಣ್ಣು ಬಿತ್ತು. ನೀರಿಗೆ ಎಡಬಲ ಗೊತ್ತಿರುತ್ತದೆ ಎಂದುಕೊಂಡಿದ್ದರೋ ಏನೋ.

ಆ ವರದಿಯನ್ನು ತಿದ್ದಿ ಮತ್ತೆ ಪ್ರಕಟಿಸಿ. ಯಾರಾದರೂ 8.40ರ ಬಸ್ಸನ್ನು ಹುಡುಕಿ ಕೊಡಲಿ, ಇಲ್ಲವೇ ಪಟ್ಟಿಯಿಂದ ಅಳಿಸಲಿ. ಎರಡೂ ಆಗದಿದ್ದರೆ ನಿಮ್ಮ ವರದಿಗಾರರನ್ನೇ ಬರುವ ಮಂಗಳವಾರ ನಮ್ಮ ನಿಲ್ದಾಣಕ್ಕೆ ಕಳುಹಿಸಿ. ಕೊಡೆ ತರಲು ಹೇಳಿ. ಅಲ್ಲಿದ್ದ ಸೂರನ್ನೂ ದುರಸ್ತಿಯ ಹೆಸರಿನಲ್ಲಿ ಕಿತ್ತುಕೊಂಡು ಹೋಗಿದ್ದಾರೆ.

— ಒಬ್ಬ ಓದುಗ, ಬ್ಯೂಡ್ಲಿ