ಕಾಳುವಿನ ನೆನಪು ಮತ್ತು ಆಕ್ಸಿಟೋಸಿನ್

ಮಾನ್ಯರೇ,
ಮಗ ದುಬೈಯಿಂದ 3 ವರ್ಷದ ಮೇಲೆ ಮನೆಗೆ ಬಂದಾಗ ನಮ್ಮ ನಾಯಿ ಕಾಳು ಬೊಗಳಲೇ ಇಲ್ಲ. ಚಪ್ಪಲಿ ಮೂಸಿತು, ಕಾಲ ಬುಡದಲ್ಲಿ ಹೊರಳಾಡಿತು. ದಿನಾ ಮೀನು ತರುವ ಅಕ್ಕನಿಗೆ ಮಾತ್ರ ಇವತ್ತಿಗೂ ಬೊಗಳುತ್ತದೆ!

ಇದರಲ್ಲಿ ಆಕ್ಸಿಟೋಸಿನ್ ಎಂಬ ಮೆದುಳಿನ ರಾಸಾಯನಿಕದ ಪಾಲೂ ಇರಬಹುದು. ಅದನ್ನು ತಯಾರಿಸುವ ಜೀನ್ ಇಲ್ಲದ ಇಲಿಗಳು, ಆಗಷ್ಟೇ ಕಂಡ ಇಲಿಯನ್ನೂ ಹೊಸದೆಂಬಂತೆ ಮೂಸುತ್ತವೆ ಎಂದು 2000ರಲ್ಲಿ ವಿಜ್ಞಾನಿಗಳು ತೋರಿಸಿದ್ದರು. ಮೂಗು ಸರಿಯಿತ್ತು. ಪರಿಚಯ ಮಾತ್ರ ಉಳಿಯುತ್ತಿರಲಿಲ್ಲ. ಮೆದುಳಿಗೆ ಆಕ್ಸಿಟೋಸಿನ್ ಕೊಟ್ಟಾಗ ಗುರುತು ಹಿಡಿದವು.

ನಮ್ಮಲ್ಲಿ ಈ ಹೆಸರು ಕೇಳುವುದು ಹಸುವಿಗೆ ಕದ್ದು ಚುಚ್ಚುವ ಇಂಜೆಕ್ಷನ್ ಸುದ್ದಿಯಲ್ಲಿ ಮಾತ್ರ, ಅಲ್ವಾ? ವಾರಕ್ಕೊಮ್ಮೆ ಇಂಥ ವಿಷಯಕ್ಕೆ ಅರ್ಧ ಪುಟ ಕೊಡಿ. ರಾಶಿಫಲ ಸ್ವಲ್ಪ ಕಡಿಮೆಯಾದರೂ ಪರವಾಗಿಲ್ಲ.

– ನಿವೃತ್ತ ಟೀಚರ್, ಮಲ್ಪೆ